ಕಿತ್ತೂರಿನ ಸೆರೆಯಾಳು, ಹೊನ್ನಿನ ಓದುಗ

ಸತ್ತಿಯಂಥ ಕೃಷ್ಣಾತೀರದ ಊರಿನಲ್ಲಿ ನೇಗಿಲಮೊನೆಗೆ ಹಳೆಯ ಹೊನ್ನೊಂದು ಸಿಕ್ಕಿತೆನ್ನಿ. ಅದಕ್ಕೆ ಬೆಲೆ ಕಟ್ಟುವವನು ಅಕ್ಕಸಾಲಿಗ. ತಕ್ಕಡಿಯ ತೂಕವೇ ಬೆಲೆ. ಮೂಸೆಗೆ ಬಿದ್ದ ಮೇಲೆ ಅದರ ಮುದ್ರೆ ಯಾವ ಅರಸನದೆಂದು ಕೇಳುವವರಿಲ್ಲ. ತೂಕದಾಚೆಗೂ ಅದಕ್ಕೊಂದು ಬೆಲೆಯುಂಟೆಂದು ತೋರಿಸಿಕೊಟ್ಟ ಹಿರಿಯರಲ್ಲಿ ಸರ್ ವಾಲ್ಟರ್ ಎಲಿಯಟ್ ಒಬ್ಬರು. ನಮ್ಮ ಜಿಲ್ಲೆಯವರು ಅವರನ್ನು ಬಲ್ಲುದು ಬೇರೊಂದು ಕಾರಣಕ್ಕೆ.

1803ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಎಲಿಯಟ್ ಹದಿನೆಂಟರ ಹರೆಯದಲ್ಲಿ ಮದರಾಸಿಗೆ ಬಂದು, 1823ರಲ್ಲಿ ಧಾರವಾಡ ಸೀಮೆಗೆ ಸಹಾಯಕ ಅಧಿಕಾರಿಯಾಗಿ ವರ್ಗವಾದರು. ಮರುವರ್ಷ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆ ಹತನಾದನು. ಎಲಿಯಟ್ ಮತ್ತು ಸ್ಟೀವನ್‌ಸನ್ ರಾಣಿ ಚೆನ್ನಮ್ಮನ ಸೆರೆಯಾಳುಗಳಾದರು. ಕೆಲವು ವಾರಗಳ ತರುವಾಯ ಬಿಡುಗಡೆಯಾಯಿತು. ಇಂಥ ಅನುಭವದ ಮೇಲೆ ಅವರು ಈ ನಾಡನ್ನು ದ್ವೇಷಿಸಿದ್ದರೆ ಆಶ್ಚರ್ಯವಿರಲಿಲ್ಲ. ಆದರೆ 1833ರವರೆಗೂ ಇಲ್ಲಿಯೇ ಉಳಿದು, ಹಳೆಯ ಲಿಪಿಯನ್ನು ಕಲಿತು, ಗುಡಿಗುಂಡಾರಗಳ ಶಾಸನಗಳನ್ನು ಹುಡುಕಿಸಿ ನಕಲು ಮಾಡಿಸಿದರು; ಅವು 595. ಅವುಗಳ ಆಧಾರದಿಂದ ಚಾಲುಕ್ಯಾದಿ ವಂಶಗಳ ಚರಿತ್ರೆಯನ್ನು 1837ರಲ್ಲಿ ಪ್ರಕಟಿಸಿದರು. ನಕಲುಗಳಲ್ಲಿ ತಪ್ಪುಗಳುಂಟು, ನಿಜ. ಆದರೂ ಮುಂದೆ ಫ್ಲೀಟರಂಥವರು ನಡೆದ ದಾರಿ ಇದೇ.

ನಾಣ್ಯಕ್ಕೆ ಬೆಲೆ ಬರುವುದೂ ಇಂಥ ಓದಿನಿಂದಲೇ. ಹೊಯ್ಸಳರ ಒಂದು ಹೊನ್ನು ತೂಗುವುದು ನಾಲ್ಕು ಗ್ರಾಮಿನ ಆಸುಪಾಸು. ಆದರೆ ಅದರ ಹಿಮ್ಮೈಯ ಕನ್ನಡ ಅಕ್ಷರಗಳು ತಲಕಾಡನ್ನು ಗೆದ್ದವನ ಬಿರುದನ್ನು ಸಾರುತ್ತವೆ. ಒಡನೆಯೇ ವಿಷ್ಣುವರ್ಧನನೂ ಅವನು ಚೋಳರನ್ನು ಸೋಲಿಸಿದ ಕಾಲವೂ ಕಣ್ಣೆದುರು ನಿಲ್ಲುತ್ತವೆ. ಎಲ್ಲ ನಾಣ್ಯಗಳೂ ಹೀಗೆ ಬಾಯಿಬಿಡುವುದಿಲ್ಲ. ಕಮಲದ ಗುರುತಿನ ಪದ್ಮಟಂಕಗಳನ್ನು ಎಲಿಯಟ್ ಕದಂಬರವೆಂದು ಬಗೆದರು. ಈಚಿನ ವಿದ್ವಾಂಸರು ಅದನ್ನು ಪೂರ್ತಿಯಾಗಿ ಒಪ್ಪಿಲ್ಲ.

ಮುಂದೆ ಅವರು ಮದರಾಸು ಸರಕಾರದಲ್ಲಿ ಉನ್ನತ ಪದವಿಗಳಿಗೇರಿದರು, 1845ರಲ್ಲಿ ಅಮರಾವತಿಯ ಸ್ತೂಪವನ್ನು ಅಗೆಯಿಸಿದರು, 1860ರಲ್ಲಿ ನಿವೃತ್ತರಾಗಿ ಸ್ಕಾಟ್‌ಲೆಂಡಿಗೆ ಮರಳಿದರು. ಮುಪ್ಪಿನಲ್ಲಿ ಕಣ್ಣು ಬಹುಮಟ್ಟಿಗೆ ಕುರುಡಾಯಿತು. ಜೀವಮಾನವೆಲ್ಲ ಮುದ್ರೆಗಳನ್ನು ನೋಡಿ ಬೆಲೆ ಕಟ್ಟಿದವರಿಗೆ ಇದಕ್ಕಿಂತ ಹೆಚ್ಚಿನ ವಿಪತ್ತು ಯಾವುದು? ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ಅವರ ಮಹಾಗ್ರಂಥ ಸಿದ್ಧವಾದದ್ದು ಆ ಕತ್ತಲೆಯಲ್ಲಿಯೇ. ಅದು 1886ರಲ್ಲಿ ಹೊರಬಂದಿತು.

ಅವರು ಕೂಡಿಸಿದ ನಾಣ್ಯಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿದವು. ಇಲ್ಲಿಯೇ ಇದ್ದಿದ್ದರೆ ಎಷ್ಟೋ ಕರಗಿ ಕಡಗವಾಗುತ್ತಿದ್ದವೆಂಬುದನ್ನು ಅಲ್ಲಗಳೆಯಲಾರೆ. ಆದರೂ ಕನ್ನಡ ಅಕ್ಷರದ ಹೊನ್ನನ್ನು ಕಾಣಲು ಕನ್ನಡಿಗನು ಕಡಲು ದಾಟಬೇಕೆಂದರೆ ಮನಸ್ಸು ಒಪ್ಪುವುದಿಲ್ಲ.

1887ರ ಮಾರ್ಚ್ 1ರ ಬೆಳಿಗ್ಗೆ ಎಲಿಯಟ್ ತಮಿಳು ವಿದ್ವಾಂಸ ಪೋಪರಿಗೆ ಕುರಳಿನ ಹೊಸ ಆವೃತ್ತಿಯನ್ನು ಕುರಿತು ಪತ್ರವೊಂದನ್ನು ಹೇಳಿ ಬರೆಯಿಸಿ, ತಮ್ಮ ಕೈಯಿಂದಲೇ ರುಜು ಹಾಕಿದರು. ಅಂದು ಸಂಜೆ ತೀರಿಕೊಂಡರು.