ಡಾ. ವಿಯೇಗಸ್: ಪ್ಲೇಗ್ ಗುರುತಿಸಿದ ವೈದ್ಯ, ನೆಲೆ ತಪ್ಪಿದ ಬಾಡಿಗೆದಾರರು

ಮುಂಬೈನ ಧೋಬಿ ತಲಾವ್‌ನಲ್ಲಿ, ಮೆಟ್ರೋ ಸಿನೆಮಾ ಎದುರು ಓಡಾಡಿದ್ದರೆ ಒಬ್ಬ ವೈದ್ಯರ ಪ್ರತಿಮೆಯನ್ನು ನೀವು ನೋಡಿರಬಹುದು. ಅವರೇ ಡಾ. ಅಕಾಸಿಯೊ ಗೇಬ್ರಿಯಲ್ ವಿಯೇಗಸ್. 1856ರಲ್ಲಿ ಗೋವಾದಲ್ಲಿ ಹುಟ್ಟಿದ ಅವರು ಮುಂಬೈನ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಮಾಂಡ್ವಿಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ನಗರಪಾಲಿಕೆಯ ಸದಸ್ಯರೂ ಆಗಿದ್ದರು.

ಮಾಂಡ್ವಿ ಬಂದರಿನ ಪಕ್ಕದ ಪ್ರದೇಶ. ಧಾನ್ಯದ ಗೋದಾಮು, ಇಲಿಗಳ ಕಾಟ, ಗಾಳಿ ಬೆಳಕಿಲ್ಲದ ಬಾಡಿಗೆ ಕೋಣೆಗಳು. 1896ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಜನ ಜ್ವರ ಬಂದು, ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆಯೆದ್ದು ಸಾಯತೊಡಗಿದರು. ಇದು ಪ್ಲೇಗ್ ಎಂದು ವಿಯೇಗಸ್ ಪಾಲಿಕೆಗೆ ತಿಳಿಸಿದರು. ಇಲಿ ನಾಶ ಮತ್ತು ಸ್ವಚ್ಛತೆಗೆ ಒತ್ತಾಯಿಸಿದರು. ಮುಂದೆ ಸಾವಿರಾರು ಜನರಿಗೆ ಲಸಿಕೆ ಹಾಕಿದರು.

ಅವರ ರೋಗನಿರ್ಣಯ ಸರಿಯಾಗಿತ್ತು. ಆದರೆ ನಂತರದ ಕ್ರಮಗಳ ಭಾರ ಬಿದ್ದದ್ದು ಬಾಡಿಗೆದಾರರ ಮೇಲೆ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಸರ್ಕಾರಕ್ಕೆ ವಿಶೇಷ ಅಧಿಕಾರ ಕೊಟ್ಟಿತು. ಅಧಿಕಾರಿಗಳು ಮನೆ ಹೊಕ್ಕು ರೋಗಿಗಳನ್ನು ಆಸ್ಪತ್ರೆಗೂ, ಮನೆಯವರನ್ನು ಶಿಬಿರಕ್ಕೂ ಸಾಗಿಸಿದರು. ವಾಸಕ್ಕೆ ಯೋಗ್ಯವಲ್ಲದ ಮನೆಗಳ ಮೇಲೆ ಗುರುತು ಬರೆದರು. ಹೆದರಿದ ಜನ ರೋಗಿಗಳನ್ನು ಬಚ್ಚಿಟ್ಟರು; ಲಕ್ಷಾಂತರ ಮಂದಿ ಊರು ಬಿಟ್ಟರು. ರೋಗ ಹರಡಲು ಇದೂ ಕಾರಣವಾಯಿತು.

1898ರಲ್ಲಿ ಸ್ಥಾಪನೆಯಾದ ಮುಂಬೈ ಇಂಪ್ರೂವ್‌ಮೆಂಟ್ ಟ್ರಸ್ಟ್ ರಸ್ತೆ ಅಗಲ ಮಾಡಲು ಕಿಕ್ಕಿರಿದ ಕಟ್ಟಡಗಳನ್ನು ಕೆಡವಿತು. ಮಾಲೀಕರಿಗೆ ಪರಿಹಾರ ಸಿಕ್ಕಿತು. ಬಾಡಿಗೆದಾರರು ಪಕ್ಕದ ಚಾಳ್‌ಗಳಿಗೆ ತುಂಬಿಕೊಂಡರು. ಅಲ್ಲಿ ಇಕ್ಕಟ್ಟೂ ಹೆಚ್ಚಿತು, ಬಾಡಿಗೆಯೂ ಏರಿತು. ಟ್ರಸ್ಟ್ ಹೊಸ ಚಾಳ್‌ಗಳನ್ನು ಕಟ್ಟಿದರೂ ಮನೆ ಕಳೆದುಕೊಂಡವರಿಗೆಲ್ಲ ಅವು ಸಾಲಲಿಲ್ಲ.

ವಿಯೇಗಸ್ 1906ರಲ್ಲಿ ಪಾಲಿಕೆಯ ಅಧ್ಯಕ್ಷರಾದರು, 1933ರಲ್ಲಿ ತೀರಿಕೊಂಡರು. ಬಾಡಿಗೆ ಏರಿಕೆಗೂ ಒಕ್ಕಲೆಬ್ಬಿಸುವುದಕ್ಕೂ ಮುಂಬೈನಲ್ಲಿ ಕಾನೂನಿನ ಕಡಿವಾಣ ಬಿದ್ದದ್ದು 1918ರಲ್ಲಿ. ಅದಕ್ಕೂ ಕಾರಣ ಪ್ಲೇಗ್ ಅಲ್ಲ, ಯುದ್ಧಕಾಲದ ಮನೆಗಳ ಅಭಾವ.

2020ರಲ್ಲಿ ಕೋವಿಡ್ ಬಂದಾಗ ಅದೇ 1897ರ ಕಾಯ್ದೆ ಮತ್ತೆ ಹೊರಬಂತು. ಈ ಸಲ ಒಂದು ವ್ಯತ್ಯಾಸವಿತ್ತು. ವಿಪತ್ತು ನಿರ್ವಹಣಾ ಕಾಯ್ದೆಯಡಿ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಆದೇಶ ಹೊರಡಿಸಿತು: ವಲಸೆ ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳುವಂತಿಲ್ಲ, ಕಾರ್ಮಿಕರನ್ನೂ ವಿದ್ಯಾರ್ಥಿಗಳನ್ನೂ ಮನೆಯಿಂದ ಹೊರಹಾಕುವ ಮಾಲೀಕರ ಮೇಲೆ ಕ್ರಮ. ಆದರೆ ಅಷ್ಟರಲ್ಲಿ ಎಷ್ಟೋ ಕಾರ್ಮಿಕರು ಊರಿನ ದಾರಿ ಹಿಡಿದು ನಡೆಯುತ್ತಿದ್ದರು.

ಜ್ವರ ಬಂದರೆ ಮನೆ ಹೋಗುತ್ತದೆ ಎಂಬ ಭಯವಿದ್ದರೆ ನೀವಾದರೂ ವೈದ್ಯರ ಬಳಿ ಹೋಗಲು ಹಿಂಜರಿಯುತ್ತೀರಿ. ಆದ್ದರಿಂದ ಬಾಡಿಗೆದಾರರಿಗೆ ರಕ್ಷಣೆ ಸಿಗಬೇಕಾದದ್ದು ರೋಗದ ಮೊದಲ ದಿನಗಳಲ್ಲೇ.