ನೀರ್ ಸಾಬರು ಮತ್ತು ನಮ್ಮ ಪಂಚಾಯಿತಿ

ಈಗ ನಮ್ಮ ಶಾಲೆಗೆ ಬರುವ ಮಕ್ಕಳಿಗೆ ಬೋರಿಂಗ್ ಎಂದರೆ ಓಣಿಯ ಮೂಲೆಯಲ್ಲಿ ತುಕ್ಕು ಹಿಡಿದು ನಿಂತ, ಹಿಡಿಕೆ ಕಳೆದುಕೊಂಡ ಒಂದು ಕಬ್ಬಿಣದ ಕಂಬ. ನಾವು ಇದೇ ಶಾಲೆಯಲ್ಲಿ ಕಲಿಯುತ್ತಿದ್ದ ಕಾಲಕ್ಕೆ ಅದರ ಮುಂದೆ ಕೊಡಗಳ ಸಾಲು ನಿಲ್ಲುತ್ತಿತ್ತು. ಆ ಸಾಲಿನಲ್ಲಿ ಕೊಡ ಇಟ್ಟು ಬಂದು ಪ್ರಾರ್ಥನೆಗೆ ನಿಂತವರಲ್ಲಿ ನಾನೂ ಒಬ್ಬ. ಶಾಲೆ ಬಿಟ್ಟ ಮೇಲೆ ನನ್ನ ಅರ್ಧ ಆಯುಷ್ಯವೆಲ್ಲ ಪಂಚಾಯಿತಿಯಲ್ಲಿ ಕರ ವಸೂಲಿ ಮಾಡುವುದರಲ್ಲಿ, ಉತಾರ ಬರೆಯುವುದರಲ್ಲಿ, ಬೀದಿದೀಪ ಹತ್ತಲಿಲ್ಲವೆಂದು ಬೈಸಿಕೊಳ್ಳುವುದರಲ್ಲಿ ಕಳೆಯಿತು. ಸುವರ್ಣ ಮಹೋತ್ಸವದ ಸಂಚಿಕೆಗೆ ಮಹನೀಯರೊಬ್ಬರ ಪರಿಚಯ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನನಗೆ ನೆನಪಾದದ್ದು ಅಬ್ದುಲ್ ನಜೀರ್ ಸಾಬ್ ಅವರು. ಬೋರಿಂಗಿಗೂ ಪಂಚಾಯಿತಿಗೂ ಒಟ್ಟಿಗೆ ಸಂಬಂಧಪಟ್ಟವರು ಅವರೇ.

ನಜೀರ್ ಸಾಬರು ನಮ್ಮ ಸೀಮೆಯವರಲ್ಲ. ರಾಜ್ಯದ ದಕ್ಷಿಣದ ತುದಿಯಲ್ಲಿ, ಮೈಸೂರಿನಿಂದ ಊಟಿಗೆ ಹೋಗುವ ದಾರಿಯಲ್ಲಿ, ಬಂಡೀಪುರದ ಕಾಡಿಗೆ ಹೊಂದಿಕೊಂಡಿರುವ ಗುಂಡ್ಲುಪೇಟೆಯವರು. ಆಗ ಅದು ಮೈಸೂರು ಜಿಲ್ಲೆಯಲ್ಲಿತ್ತು, ಈಗ ಚಾಮರಾಜನಗರ ಜಿಲ್ಲೆಗೆ ಸೇರಿದೆ. ಕೇರಳ, ತಮಿಳುನಾಡು ಎರಡೂ ಹತ್ತಿರದ ಆ ಊರಿಗೂ ನಮ್ಮ ಎರೆಭೂಮಿಗೂ ಮಾತಿನಲ್ಲಿ, ಊಟದಲ್ಲಿ ಏನೂ ಹೋಲಿಕೆಯಿಲ್ಲ. ಆದರೆ ಮಳೆ ಕೈಕೊಟ್ಟರೆ ಏನಾಗುತ್ತದೆಂಬುದು ಎರಡೂ ಕಡೆಯವರಿಗೆ ಗೊತ್ತು. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಿತು. ವಿಧಾನ ಪರಿಷತ್ತಿನ ಸದಸ್ಯರಾಗಿದ್ದ ನಜೀರ್ ಸಾಬರು ಆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯ ಸಚಿವರಾದರು. ಅಂದಿನ ದಿನಗಳಲ್ಲಿ ಈ ಖಾತೆಯನ್ನು ಬೇಡಿ ಪಡೆಯುವವರು ಕಡಿಮೆ. ಕಂದಾಯ, ಲೋಕೋಪಯೋಗಿ, ನೀರಾವರಿಗಳ ಮುಂದೆ ಅದು ಬಡವರ ಮನೆಯ ಖಾತೆ.

ಅವರು ಮೊದಲು ಕೈಹಚ್ಚಿದ್ದು ಕುಡಿಯುವ ನೀರಿಗೆ. ಆ ದಶಕದ ನಡುವಿನ ವರ್ಷಗಳು ಬರಗಾಲದವು. ನಮ್ಮ ಕಡೆ ಹೆಣ್ಣುಮಕ್ಕಳು ಹಳ್ಳದ ಉಸುಕಿನಲ್ಲಿ ವರತಿ ತೋಡಿ, ಬಟ್ಟಲಿನಿಂದ ಕೊಡಕ್ಕೆ ನೀರು ತುಂಬುತ್ತಿದ್ದರು. ಉಳಿದವರು ಮೆಟ್ಟಿಲು ಬಾವಿಗೆ ಇಳಿದು, ಕಾಲು ಮುಳುಗಿಸಿ, ಅದೇ ನೀರನ್ನು ಹೊತ್ತು ತರುತ್ತಿದ್ದರು. ಅಂಥ ಬಾವಿಗಳಿಂದ ಬರುತ್ತಿದ್ದ ರೋಗವೇ ನಾರುಹುಣ್ಣು. ಕಾಲಿನಲ್ಲಿ ಗುಳ್ಳೆ ಎದ್ದು, ಅದು ಒಡೆದು, ದಾರದಂಥ ಹುಳು ಹೊರಬರುವುದನ್ನು ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಅವಿಭಜಿತ ರಾಯಚೂರು ಜಿಲ್ಲೆ ಆ ರೋಗಕ್ಕೆ ಹೆಸರಾಗಿತ್ತು. ರೋಗಕ್ಕೆ ಔಷಧವಿರಲಿಲ್ಲ. ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಹುಳುವನ್ನು ಎಳೆಯುವುದೊಂದೇ ದಾರಿ. ನೀರಿನಲ್ಲಿ ಕಾಲಿಡದಂತೆ ಮಾಡಿದರೆ ರೋಗ ನಿಲ್ಲುತ್ತಿತ್ತು. ಕೊಳವೆಬಾವಿಗೆ ಕಾಲಿಡಲು ಬರುವುದಿಲ್ಲವಲ್ಲ! ಮುಂದೆ 2000ದಲ್ಲಿ ಭಾರತವನ್ನು ನಾರುಹುಣ್ಣು ಇಲ್ಲದ ದೇಶವೆಂದು ಘೋಷಿಸಿದರು. ಅದರ ಹಿಂದೆ ಆರೋಗ್ಯ ಇಲಾಖೆಯವರ ದುಡಿಮೆ ಎಷ್ಟಿದೆಯೋ ಅಷ್ಟೇ ಈ ಬೋರಿಂಗುಗಳದ್ದೂ ಇದೆ ಎಂದು ನಾನು ತಿಳಿದಿದ್ದೇನೆ.

ನಜೀರ್ ಸಾಬರ ಕಾಲದಲ್ಲಿ ಕೊರೆಯುವ ಯಂತ್ರಗಳು ಹಳ್ಳಿಯಿಂದ ಹಳ್ಳಿಗೆ ಓಡಾಡಿದವು. ಇಷ್ಟು ಜನಸಂಖ್ಯೆಗೆ ಒಂದು ಬೋರು ಎಂದು ಲೆಕ್ಕ ಹಾಕಿ ಕೊರೆಸಿದರು. ಕಲ್ಲುಬಂಡೆಯ ನೆಲಕ್ಕೂ ಒಗ್ಗುವ, ಎಷ್ಟು ಜಗ್ಗಿದರೂ ಬೇಗ ಕೆಡದ ಇಂಡಿಯಾ ಮಾರ್ಕ್-2 ಎಂಬ ಕೈಪಂಪು ಅಷ್ಟು ಹೊತ್ತಿಗೆ ಬಳಕೆಗೆ ಬಂದಿತ್ತು. ಯುನಿಸೆಫ್ ನೆರವಿನಿಂದ ನಮ್ಮ ದೇಶದಲ್ಲೇ ರೂಪುಗೊಂಡ ಪಂಪು ಅದು. ಯಂತ್ರ ಬಂದ ದಿನ ಊರಿಗೆ ಊರೇ ಸೇರುತ್ತಿತ್ತು. ಬಿಳಿ ಹುಡಿ ಹಾರಿ, ಆಮೇಲೆ ಕೆಸರು ಚಿಮ್ಮಿ, ನೀರು ಬಿದ್ದಾಗ ಟೆಂಗಿನಕಾಯಿ ಒಡೆಯುತ್ತಿದ್ದರು. ಎಲ್ಲಿ ಕೊರೆಸಬೇಕೆಂಬ ಜಗಳವೂ ಇತ್ತು. ಮೇಲೋಣಿಯವರ ಬಾವಿಯನ್ನು ಮುಟ್ಟಲು ಬಿಡದ ಊರುಗಳಲ್ಲಿ ಕೇರಿಯೊಳಗೇ ಒಂದು ಬೋರು ಬಿದ್ದದ್ದು ಸಣ್ಣ ಸಂಗತಿಯಲ್ಲ. ಜನ ಅವರನ್ನು ನೀರ್ ಸಾಬ್ ಎಂದು ಕರೆದರು. ಸಚಿವರಿಗೆ ಸಿಕ್ಕ ಬಿರುದುಗಳಲ್ಲಿ ಸನ್ಮಾನ ಸಮಿತಿಯ ಖರ್ಚಿಲ್ಲದೆ ಬಂದದ್ದು ಇದೊಂದೇ ಇರಬೇಕು.

ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಆಳದ ನೀರು ಎಲ್ಲ ಕಡೆಯೂ ಒಳ್ಳೆಯದಾಗಲಿಲ್ಲ. ಯಲಬುರ್ಗಾ, ಕುಷ್ಟಗಿ ತಾಲ್ಲೂಕುಗಳ ಎಷ್ಟೋ ಹಳ್ಳಿಗಳಲ್ಲಿ ಅದರಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದುಗಟ್ಟಿದವರು, ಮೊಣಕಾಲು ಮಡಚಲಾರದವರು ನಮ್ಮ ನಡುವೆಯೇ ಇದ್ದಾರೆ. ಹುಳುವಿನ ನೀರಿನಿಂದ ಪಾರಾದವರಲ್ಲಿ ಕೆಲವರು ಇನ್ನೊಂದು ಬಗೆಯ ನೀರಿಗೆ ಸಿಕ್ಕರು. ಶುದ್ಧ ನೀರಿನ ಘಟಕ, ನದಿ ನೀರಿನ ಯೋಜನೆ ಎಂದು ನಾವು ಇಂದಿಗೂ ಸಭೆ ಮಾಡುತ್ತಿರುವುದು ಅದಕ್ಕೇ. ಅಂದು ಬೋರು ಬೇಡವೆಂದು ಯಾರೂ ಹೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ.

ನೀರಿನ ಕೆಲಸ ಕಣ್ಣಿಗೆ ಕಾಣುವಂಥದ್ದು. ಅವರ ಇನ್ನೊಂದು ಕೆಲಸ ಕಾಗದದ ಮೇಲಿನದು, ಹಾಗಾಗಿ ಜನರಿಗೆ ಅಷ್ಟು ತಿಳಿಯಲಿಲ್ಲ. ನನ್ನ ಲೆಕ್ಕದಲ್ಲಿ ಅದೇ ದೊಡ್ಡದು.

ಬೋರಿಂಗಿನ ವಾಷರು ಹರಿದರೆ ಯಾರಿಗೆ ಹೇಳಬೇಕು? 1983ಕ್ಕೆ ಮೊದಲು ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಒಂದು ತ್ರಾಸು. ಜಹಗೀರಿನ ಕಾಲ ಮುಗಿದು, ಹೈದರಾಬಾದ್ ರಾಜ್ಯ ಹೋಗಿ, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದ ಮೇಲೆ 1959ರ ಕಾಯ್ದೆಯಂತೆ ಗ್ರಾಮ ಪಂಚಾಯಿತಿಗಳು, ತಾಲ್ಲೂಕು ಅಭಿವೃದ್ಧಿ ಮಂಡಳಿಗಳು ಬಂದವು. ಪಂಚಾಯಿತಿಯ ಕೈಯಲ್ಲಿ ಹಣವಿರಲಿಲ್ಲ. ಮನೆ ಕರ, ಸಂತೆಯ ಕರ, ಕೊಂಡವಾಡದ ದಂಡ, ಇಷ್ಟರಲ್ಲೇ ದೀಪ, ಗಟಾರ ಎಲ್ಲ ನಡೆಯಬೇಕು. ಚುನಾವಣೆಗಳೂ ಹೊತ್ತಿಗೆ ಸರಿಯಾಗಿ ನಡೆಯುತ್ತಿರಲಿಲ್ಲ. ಎಂಜಿನಿಯರು, ಡಾಕ್ಟರು, ಮಾಸ್ತರು ಎಲ್ಲರೂ ಮೇಲಿನ ಇಲಾಖೆಗೆ ಉತ್ತರ ಕೊಡುವವರು. ಊರಿಗೆ ಉತ್ತರ ಕೊಡುವವರು ಯಾರೂ ಇರಲಿಲ್ಲ.

ಇದನ್ನು ಬುಡಸಮೇತ ಬದಲಿಸುವ ಮಸೂದೆಯನ್ನು ನಜೀರ್ ಸಾಬರು 1983ರಲ್ಲೇ ತಂದರು. 1978ರಲ್ಲಿ ಅಶೋಕ್ ಮೆಹತಾ ಸಮಿತಿ ದೇಶಕ್ಕೆಲ್ಲ ಸೂಚಿಸಿದ್ದ ದಾರಿಯನ್ನು ಅನುಸರಿಸಿ ಜಿಲ್ಲೆಗೊಂದು ಜಿಲ್ಲಾ ಪರಿಷತ್ತು, ಕೆಲವು ಹಳ್ಳಿಗಳು ಸೇರಿ ಒಂದು ಮಂಡಲ ಪಂಚಾಯಿತಿ ಎಂದು ಗೊತ್ತುಮಾಡಿದರು. ಮಂಡಲಕ್ಕೆ ಸಾಮಾನ್ಯವಾಗಿ 8,000ದಿಂದ 12,000 ಜನಸಂಖ್ಯೆ, 400 ಜನರಿಗೆ ಒಬ್ಬ ಸದಸ್ಯ. ಮಂಡಲದ ಮುಖ್ಯಸ್ಥನಿಗೆ ಪ್ರಧಾನ ಎಂದು ಹೆಸರು. ನಡುವಿನ ತಾಲ್ಲೂಕು ಪಂಚಾಯಿತಿ ಸಮಿತಿಗೆ ನೇರ ಚುನಾವಣೆ ಇಲ್ಲ, ಶಾಸಕರೇ ಅದರ ಅಧ್ಯಕ್ಷರು. ಸದಸ್ಯ ಸ್ಥಾನಗಳಲ್ಲಿ ನೂರಕ್ಕೆ 25 ಮಹಿಳೆಯರಿಗೆ ಮೀಸಲು. ದೇಶದಲ್ಲಿ ಆಗ ಇಂಥ ಮಾತನ್ನು ಕೇಳಿದವರೇ ವಿರಳ. ವರ್ಷಕ್ಕೆ ಎರಡು ಸಲ ಗ್ರಾಮಸಭೆ ಕರೆಯಲೇಬೇಕು.

ಕಾಯ್ದೆಯ ಕಾರವಿರುವುದು ಮೇಲಿನ ಹಂತದಲ್ಲಿ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಒಬ್ಬ ಐ.ಎ.ಎಸ್. ಅಧಿಕಾರಿ. ಆತ ಸೇವೆಯಲ್ಲಿ ಜಿಲ್ಲಾಧಿಕಾರಿಗಿಂತ ಹಿರಿಯನಾಗಿರಬೇಕು. ಶಿಕ್ಷಣ, ಆರೋಗ್ಯ, ಕೃಷಿ, ಪಶುಪಾಲನೆ ಮೊದಲಾದ ಇಲಾಖೆಗಳ ಜಿಲ್ಲಾಮಟ್ಟದ ಕೆಲಸ ಮತ್ತು ಸಿಬ್ಬಂದಿ ಪರಿಷತ್ತಿನ ಅಡಿಗೆ ಬಂತು. ಜಿಲ್ಲಾಧಿಕಾರಿಗಳೆಂದರೆ ಕೈಮುಗಿದು ದೂರ ನಿಲ್ಲುವುದು ನಮ್ಮ ಹಿರಿಯರ ರೂಢಿ. ಆ ಕುರ್ಚಿಗಿಂತ ಎತ್ತರದಲ್ಲಿ, ಜನ ಆರಿಸಿದ ಹಳ್ಳಿಯವನೊಬ್ಬ ಕುಳಿತುಕೊಳ್ಳುವ ಏರ್ಪಾಟು ಅದು.

ಇಷ್ಟೆಲ್ಲ ಬಿಟ್ಟುಕೊಡಲು ಎಷ್ಟು ಜನ ಒಪ್ಪಿಯಾರು? ಶಾಸಕರಿಗೆ ತಮ್ಮ ಪ್ರಭಾವ ಹೋಗುವ ಚಿಂತೆ, ಅಧಿಕಾರಿಗಳಿಗೆ ಓದುಬರಹ ಬಾರದ ಸದಸ್ಯರ ಮುಂದೆ ನಿಲ್ಲಬೇಕಲ್ಲ ಎಂಬ ಸಂಕಟ. ವಿಧಾನಮಂಡಲದಲ್ಲಿ ಮಸೂದೆ ಅಂಗೀಕಾರವಾದ ಮೇಲೂ ರಾಷ್ಟ್ರಪತಿಗಳ ಅಂಕಿತ ಬರಲು 1985ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ರಾಜ್ಯದಲ್ಲಿ ಇನ್ನೊಂದು ಚುನಾವಣೆಯೇ ಮುಗಿದಿತ್ತು. ಕೈಯಲ್ಲಿರುವ ಅಧಿಕಾರವನ್ನು ಬೇರೆಯವರಿಗೆ ಹಂಚುವ ಕಾಯ್ದೆಗಾಗಿ ಒಬ್ಬ ಸಚಿವ ಇಷ್ಟು ವರ್ಷ ಬೆನ್ನುಹತ್ತಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಾಮಾನ್ಯವಾಗಿ ಬೆನ್ನುಹತ್ತುವುದು ಅಧಿಕಾರ ತಮ್ಮ ಕಡೆ ಬರಲಿ ಎಂದು.

1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ರಾಜ್ಯದಲ್ಲಿ ಸುಮಾರು 2,500 ಮಂಡಲಗಳು, 50,000ಕ್ಕೂ ಹೆಚ್ಚು ಸದಸ್ಯರು. ಅವರಲ್ಲಿ ಮನೆಯ ಹೊಸ್ತಿಲು ದಾಟಿ ಸಭೆಗೆ ಬಂದ ಸಾವಿರಾರು ಹೆಣ್ಣುಮಕ್ಕಳು. ಎಲ್ಲವೂ ಪುಸ್ತಕದಲ್ಲಿ ಬರೆದಂತೆ ನಡೆಯಿತೆಂದಲ್ಲ. ಎಷ್ಟೋ ಕಡೆ ಸದಸ್ಯೆಯ ಹೆಸರಿನಲ್ಲಿ ಗಂಡನೇ ಕುರ್ಚಿಯಲ್ಲಿ ಕೂತ, ಹೆಬ್ಬೆಟ್ಟು ಮಾತ್ರ ಆಕೆಯದು. ಪ್ರಧಾನರ ಪಟ್ಟ ಹೆಚ್ಚಾಗಿ ಹೊಲ ಇದ್ದವರಿಗೇ ಹೋಯಿತು. ಗ್ರಾಮಸಭೆಯಲ್ಲಿ ಜನ ಎದ್ದು ಲೆಕ್ಕ ಕೇಳತೊಡಗಿದಾಗ, ಸಭೆ ಕರೆಯುವುದನ್ನೇ ಮುಂದೂಡುವ ಜಾಣತನವನ್ನು ಸದಸ್ಯರು ಬೇಗ ಕಲಿತರು. ಕಾಯ್ದೆಯಲ್ಲಿದ್ದ ನ್ಯಾಯ ಪಂಚಾಯಿತಿಗಳಂತೂ ಅಸ್ತಿತ್ವಕ್ಕೇ ಬರಲಿಲ್ಲ.

ಆದರೂ ಆಗ ನಮ್ಮ ಕಡೆ ಆದ ಒಂದು ಬದಲಾವಣೆಯನ್ನು ಯಾರೂ ಅಲ್ಲಗಳೆಯಲಾರರು. ಆಗ ನಾವು ರಾಯಚೂರು ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನವರು. ತಳಕಲ್ಲಿನಿಂದ ರಾಯಚೂರು ನೂರೈವತ್ತು ಕಿಲೋಮೀಟರಿಗೂ ಮಿಕ್ಕ ದಾರಿ. ಅಲ್ಲಿಯ ಕಚೇರಿಯಲ್ಲಿ ಒಂದು ಅರ್ಜಿ ಕೊಟ್ಟುಬರಲು ಎರಡು ದಿನ, ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಮಂಡಲ ಬಂದ ಮೇಲೆ ಗಟಾರ ಒಡೆದದ್ದು, ದೀಪ ಕೆಟ್ಟದ್ದು, ಪಂಪಿನ ಸರಪಳಿ ಹರಿದದ್ದು ಇವುಗಳ ಠರಾವು ನಡೆದುಹೋಗುವಷ್ಟು ಹತ್ತಿರದಲ್ಲಿ ಆಗತೊಡಗಿತು. ಕೆಲಸ ಆಗಲಿ ಬಿಡಲಿ, ಆಗದಿದ್ದರೆ ಯಾರ ಮನೆಯ ಬಾಗಿಲು ತಟ್ಟಬೇಕೆಂಬುದು ಗೊತ್ತಾಯಿತು. ಕೆ.ಎಸ್. ಕೃಷ್ಣಸ್ವಾಮಿ ಅವರ ಅಧ್ಯಕ್ಷತೆಯ ಸಮಿತಿ 1989ರಲ್ಲಿ ಈ ವ್ಯವಸ್ಥೆಯನ್ನು ಪರಿಶೀಲಿಸಿ ವರದಿ ಕೊಟ್ಟಿತು. ಹಳ್ಳಿಯ ಶಾಲೆಗಳಲ್ಲಿ ಶಿಕ್ಷಕರ ಹಾಜರಿ, ಆಸ್ಪತ್ರೆಗಳಲ್ಲಿ ಸಿಬ್ಬಂದಿಯ ಹಾಜರಿ ಸುಧಾರಿಸಿದ್ದು ಆ ಕಾಲದಲ್ಲಿ ಎದ್ದುಕಂಡ ಸಂಗತಿ. ಗುರುಗಳ ಎದುರಿಗೆ ಇದನ್ನು ಬರೆಯಲು ಸಂಕೋಚವಾಗುತ್ತದೆ. ನಮಗೆ ಕಲಿಸಿದವರು ಮೊದಲಿನಿಂದಲೂ ಗಂಟೆಗೆ ಸರಿಯಾಗಿ ಬರುತ್ತಿದ್ದವರೇ.

ನಜೀರ್ ಸಾಬರಿಗೆ ತಾವು ನೆಟ್ಟದ್ದು ಬೆಳೆಯುವುದನ್ನು ನೋಡಲು ಎರಡು ವರ್ಷವೂ ಸಿಗಲಿಲ್ಲ. ಕ್ಯಾನ್ಸರ್ ಹತ್ತಿತು. 1988ರ ಆಗಸ್ಟಿನಲ್ಲಿ ಹೆಗಡೆಯವರು ರಾಜೀನಾಮೆ ಕೊಟ್ಟು ಎಸ್.ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಯಾದರು. ಅದೇ ಅಕ್ಟೋಬರಿನಲ್ಲಿ ನಜೀರ್ ಸಾಬರು ತೀರಿಕೊಂಡರು. ಅವರ ಕೊನೆಯ ದಿನಗಳ ಬಗ್ಗೆ ಜನ ಈಗಲೂ ಹೇಳುವ ಕಥೆಯೊಂದಿದೆ. ಆಸ್ಪತ್ರೆಯಲ್ಲಿ ನೋಡಲು ಬಂದ ಮುಖ್ಯಮಂತ್ರಿಗಳು ಏನಾದರೂ ಬೇಕೇ ಎಂದು ವಿಚಾರಿಸಿದಾಗ, ಮಾತನಾಡಲು ಕಷ್ಟವಾಗುತ್ತಿದ್ದ ಸಾಬರು ತಮ್ಮ ಮನೆಮಂದಿಯ ವಿಷಯ ಎತ್ತದೆ, ಮನೆಯಿಲ್ಲದ ಬಡವರಿಗೆ ಕಟ್ಟಿಸಬೇಕಾದ ಮನೆಗಳ ವಿಷಯ ಎತ್ತಿದರಂತೆ.

ಅವರು ಹೋದ ಮೇಲೆ ಆದದ್ದು ಇದು. 1989ರಲ್ಲಿ ಸರ್ಕಾರ ವಜಾ ಆಯಿತು. 1992ರಲ್ಲಿ ಪರಿಷತ್ತು, ಮಂಡಲಗಳ ಅವಧಿ ಮುಗಿದಾಗ ಹೊಸ ಚುನಾವಣೆ ಮಾಡದೆ ಆಡಳಿತಾಧಿಕಾರಿಗಳನ್ನು ಕೂರಿಸಿದರು. ಮತ್ತೆ ಬಾಗಿಲು ತಟ್ಟಲು ಯಾರೂ ಇಲ್ಲದ ಸ್ಥಿತಿ. ಅಷ್ಟರಲ್ಲಿ ದಿಲ್ಲಿಯಲ್ಲಿ ಕರ್ನಾಟಕದ ಪ್ರಯೋಗವನ್ನು ಗಮನಿಸಿದವರಿದ್ದರು. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು, ಐದು ವರ್ಷಕ್ಕೊಮ್ಮೆ ಪಂಚಾಯಿತಿ ಚುನಾವಣೆ ದೇಶಕ್ಕೆಲ್ಲ ಕಡ್ಡಾಯವಾಯಿತು. ಮಹಿಳೆಯರ ಪಾಲು ಮೂರನೇ ಒಂದಕ್ಕೆ ಏರಿತು. ನಮ್ಮ ರಾಜ್ಯದ ಹೊಸ ಕಾಯ್ದೆಯಲ್ಲಿ ಮಂಡಲ ಹೋಗಿ ಗ್ರಾಮ ಪಂಚಾಯಿತಿ ಬಂತು, ಪ್ರಧಾನ ಹೋಗಿ ಅಧ್ಯಕ್ಷ ಬಂದ. ಜಿಲ್ಲಾ ಪರಿಷತ್ತಿಗೆ ಜಿಲ್ಲಾ ಪಂಚಾಯಿತಿ ಎಂದು ಹೆಸರಾಯಿತು. ಹಳಬರ ಬಾಯಲ್ಲಿ ಮಾತ್ರ ನಮ್ಮ ಕಚೇರಿ ಬಹಳ ವರ್ಷ ಮಂಡಲವೇ ಆಗಿತ್ತು. 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು, ಆಮೇಲೆ ಕುಕನೂರು ತಾಲ್ಲೂಕಾಯಿತು. ಕಚೇರಿಗಳೆಲ್ಲ ಒಂದೊಂದಾಗಿ ಹತ್ತಿರ ಬಂದವು.

ಮೈಸೂರಿನಲ್ಲಿ ಪಂಚಾಯಿತಿಯವರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಅಬ್ದುಲ್ ನಜೀರ್ ಸಾಬರ ಹೆಸರಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಸದಸ್ಯೆಯೊಬ್ಬರು ತರಬೇತಿಗೆ ಹೋಗಿದ್ದರು. ಇದೇ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದವರು, ಹುಟ್ಟಿದ್ದು 1988ರ ನಂತರ. ತಿರುಗಿ ಬಂದ ಮರುದಿನ ಕಚೇರಿಗೆ ಬಂದು, ನೀರುಗಂಟಿಯ ಸಂಬಳದ ಠರಾವಿಗೆ ಸಹಿ ಹಾಕುತ್ತ, ಆ ಸಂಸ್ಥೆಗೆ ಹೆಸರಿಟ್ಟ ಸಾಬರು ಯಾರು, ಅವರು ಮೈಸೂರಿನ ಸಾಹುಕಾರರೇ ಎಂದು ಕೇಳಿದರು. ಅಂದು ವಸೂಲಿಗೆ ಹೊರಟಿದ್ದೆ, ಪೂರ್ತಿ ಹೇಳಲಾಗಲಿಲ್ಲ. ಅಂದು ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ.