ಸೆಮಿನರಿಯ ಗುರು ಹರ್ಮನ್ ಮೋಗ್ಲಿಂಗ್

ಕನ್ನಡದ ಮೊದಲ ಪತ್ರಿಕೆಯ ಸಂಪಾದಕರೆಂದೇ ಹರ್ಮನ್ ಮೋಗ್ಲಿಂಗ್ ಅವರನ್ನು ಸ್ಮರಿಸುವ ರೂಢಿಯಿದೆ. ಅವರು ಮೊದಲು ಅಧ್ಯಾಪಕರಾಗಿದ್ದರೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. 1811ರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಬ್ರಾಕೆನ್‌ಹೈಮಿನಲ್ಲಿ ಜನಿಸಿ, ಟ್ಯೂಬಿಂಗೆನ್‌ನಲ್ಲಿ ದೈವಶಾಸ್ತ್ರವನ್ನು ವ್ಯಾಸಂಗ ಮಾಡಿದ ಅವರು 1836ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಮಂಗಳೂರಿಗೆ ಬಂದರು. ಮಿಶನ್ನು ಅಲ್ಲಿ ನೆಲೆಯೂರಿ ಆಗ ಎರಡು ವರ್ಷಗಳಷ್ಟೇ ಆಗಿದ್ದವು.

ಈ ನೆಲದವರೇ ಉಪದೇಶಕರಾಗಿ ಸಿದ್ಧರಾಗದೆ ಮಿಶನ್ನಿನ ಕಾರ್ಯ ಬೇರೂರದೆಂದು ಮೋಗ್ಲಿಂಗ್ ಬಲ್ಲವರಾಗಿದ್ದರು. ಅದಕ್ಕಾಗಿ ವಿದ್ಯಾರ್ಥಿಗಳನ್ನು ಒಟ್ಟುಗೂಡಿಸಿ, ಅವರೊಡನೆಯೇ ವಾಸಿಸುತ್ತ ಪಾಠ ಹೇಳತೊಡಗಿದರು. 1847ರಲ್ಲಿ ರೂಪುಗೊಂಡ ದೈವಶಾಸ್ತ್ರದ ಸೆಮಿನರಿಗೆ ಇದೇ ಬುನಾದಿ. ಇಂದು ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜು ತನ್ನ ಪರಂಪರೆಯನ್ನು ಅಲ್ಲಿಂದಲೇ ಗುರುತಿಸಿಕೊಳ್ಳುತ್ತದೆ.

ಈ ಅಧ್ಯಾಪನದ ಬೆಲೆ ಏನೆಂಬುದು 1844ರಲ್ಲಿ ತಿಳಿದುಬಂತು. ಸಾರಸ್ವತ ಬ್ರಾಹ್ಮಣ ಮನೆತನದ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಕುದಿಯಿತು. ಮನೆಯವರ ಪಾಲಿಗೆ ಅದು ಮಗನನ್ನೇ ಕಳೆದುಕೊಂಡ ಸಂಕಟ. ಮಿಶನ್ನಿನ ಬರಹಗಳು ಇದನ್ನು ಜಯವೆಂದಷ್ಟೇ ಎಣಿಸಿದ್ದು ಸರಿಯೆನಿಸದು. ಹರ್ಮನ್ ಆನಂದರಾವ್ ಕೌಂಡಿನ್ಯ ಎಂದು ಗುರುವಿನ ಹೆಸರನ್ನೂ ಧರಿಸಿದ ಆ ತರುಣರು ಬಾಸೆಲಿನಲ್ಲಿ ಓದಿ, ಪಾದ್ರಿಯಾಗಿ 1851ರಲ್ಲಿ ಮರಳಿದರು. ಮುಂದೆ ಅದೇ ಸೆಮಿನರಿಯಲ್ಲಿ ಅಧ್ಯಾಪಕರೂ ಆದರು.

1843ರ ಜುಲೈ 1ರಂದು ಹೊರಟ 'ಮಂಗಳೂರ ಸಮಾಚಾರ' ಕಲ್ಲಚ್ಚಿನ ಪಾಕ್ಷಿಕ. ಮರುವರ್ಷ ಮೊಳೆಯಚ್ಚಿಗಾಗಿ ಬಳ್ಳಾರಿಗೆ ಹೋಗಿ, 'ಕನ್ನಡ ಸಮಾಚಾರ'ವೆಂಬ ಹೆಸರಿನಲ್ಲಿ ಸ್ವಲ್ಪ ಕಾಲ ನಡೆದು ನಿಂತಿತು. ಅದಕ್ಕಿಂತ ಹಿರಿದಾದ ಸಾಹಸವೆಂದರೆ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆ. ಹಿಂದೆ ನ್ಯಾಯಾಧೀಶರಾಗಿದ್ದ ಕ್ಯಾಸಮೇಜರ್ ಅವರ ಧನಸಹಾಯದಿಂದ, ಸಹೋದ್ಯೋಗಿ ವೈಗ್ಲೆ ಮೊದಲಾದವರ ನೆರವಿನಿಂದ, ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ಕುಮಾರವ್ಯಾಸನ ಭಾರತದ ಭಾಗಗಳು, ದಾಸರ ಪದಗಳು ಇದರಲ್ಲಿ ಬೆಳಕು ಕಂಡವು. ಓಲೆಗರಿಗಳಲ್ಲಿದ್ದ ಕಾವ್ಯವನ್ನು ಲಿಪಿಕಾರನ ಕೈಬರಹದಿಂದ ಕಲ್ಲಿಗಿಳಿಸಿ ಪ್ರತಿ ತೆಗೆಯಬೇಕಿತ್ತು. ಯಾವ ಮತದ ಬದಲು ತನ್ನ ಮತವನ್ನು ನೆಲೆಗೊಳಿಸಲು ಬಂದರೋ ಆ ಮತದ ಗ್ರಂಥಗಳನ್ನೇ ಪಾದ್ರಿಯೊಬ್ಬರು ಶ್ರಮವಹಿಸಿ ಉಳಿಸಿಕೊಟ್ಟರು. ಜನರ ಮನಸ್ಸನ್ನು ಅರಿಯುವುದು ಆರಂಭದ ಉದ್ದೇಶವಿದ್ದೀತು. ಆದರೆ ಬರಿಯ ಉದ್ದೇಶ ಇಷ್ಟು ದೂರ ನಡೆಸಲಾರದು.

1853ರಲ್ಲಿ ಅವರು ಸೆಮಿನರಿಯನ್ನು ಬಿಟ್ಟು ಕೊಡಗಿಗೆ ತೆರಳಿದರು. ಆ ನಾಡನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1855ರಲ್ಲಿ ಪ್ರಕಟವಾಯಿತು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಪ್ರದಾನ ಮಾಡಿತು. 1860ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆಯೂ ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದು ಅಲ್ಲಿನ ವಿದ್ವಾಂಸರ ಮುಂದಿರಿಸಿದರು. 1881ರಲ್ಲಿ ಎಸ್ಲಿಂಗೆನ್‌ನಲ್ಲಿ ಅವರು ತೀರಿಕೊಂಡರು.